ಭೀಮೆಯ ತಳದಲ್ಲಿ ಗೂಂಚ್

(ಕಲಬುರಗಿಯಲ್ಲಿ ಕಾಲೇಜು ಹುಡುಗರು ಮತ್ತು ಊರಿನ ಕೆಲವು ಆಸಕ್ತರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಫ್ಯಾನ್ ಸದ್ದಿಗೆ ನನ್ನ ಮಾತು ಕೇಳಿಸದಿದ್ದರೆ ಕೈ ಎತ್ತಿ.

ನಾವು ಹೊಳೆಯನ್ನು ನೋಡುವುದು ಸೇತುವೆ ಮೇಲಿಂದ. ಜೇವರ್ಗಿ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಭೀಮೆ ಕಾಣುತ್ತಾಳೆ, ಎಲ್ಲರೂ ಕತ್ತು ಹೊರಳಿಸಿ ಒಂದೇ ಮಾತು ಕೇಳುತ್ತಾರೆ: "ನೀರು ಅದ ಏನು?" ನೀರಿದ್ದರೆ ಸಮಾಧಾನ, ಇಲ್ಲದಿದ್ದರೆ ಒಂದು ನಿಟ್ಟುಸಿರು. ಅಷ್ಟಕ್ಕೇ ಮುಗಿಯಿತು. ಇವತ್ತು ನಾನು ಹೇಳಬೇಕೆಂದಿರುವ ಮೀನಿಗೆ ಈ ಪ್ರಶ್ನೆ ಸಾಲದು. ನೀರು ಇದೆಯಾ ಅಂತ ಮಾತ್ರ ಅಲ್ಲ, ಆ ನೀರು ಓಡುತ್ತಿದೆಯಾ, ಅದರ ಕೆಳಗೆ ಏನಿದೆ, ಕಲ್ಲಾ, ಉಸುಕಾ, ರಾಡಿಯಾ, ಅದೆಲ್ಲ ಅದಕ್ಕೆ ಬೇಕು. ಯಾಕೆಂದರೆ ಅದು ಹುಟ್ಟಿ ಸಾಯುವ ತನಕ ತಳದಲ್ಲೇ ಇರುವ ಮೀನು.

ಹೆಸರು ಗೂಂಚ್. ಇದು ಹಿಂದಿಯವರ ಹೆಸರು. ತೆಲುಗರು ರಾತಿ ಜೆಲ್ಲ ಅನ್ನುತ್ತಾರೆ. ಪುಸ್ತಕದ ಹೆಸರು ಬಗೇರಿಯಸ್ ಯಾರೆಲ್ಲಿ. ನಾನು ಗೂಂಚ್ ಅಂತಲೇ ಕರೆಯುತ್ತೇನೆ, ಬಾಯಿಗೆ ಸುಲಭ. ಕೃಷ್ಣೆ, ಗೋದಾವರಿ ಎರಡೂ ಕಡೆಯ ನೀರಿನ ಮೀನು ಇದು. ಅಂದರೆ ನಮ್ಮ ಮೂರೂ ಜಿಲ್ಲೆಗೆ ಸಂಬಂಧ ಇದೆ: ಕಲಬುರಗಿಯ ಭೀಮೆ, ಯಾದಗಿರಿಯ ಕೃಷ್ಣೆ ಒಂದು ಕಡೆ, ಗೋದಾವರಿಗೆ ಹೋಗಿ ಸೇರುವ ಬೀದರಿನ ಮಾಂಜ್ರಾ ಇನ್ನೊಂದು ಕಡೆ.

ಚೆಂದದ ಮೀನಲ್ಲ, ಮೊದಲೇ ಹೇಳಿಬಿಡುತ್ತೇನೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಭಕ್ತರು ಚುರುಮುರಿ ಹಾಕುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಅಲ್ವಾ? ಗೂಂಚ್‌ಗೆ ಆ ಭಾಗ್ಯ ಇಲ್ಲ. ಅದು ಮೇಲೆ ಬರುವುದೂ ಇಲ್ಲ, ಬಂದರೂ ಮಕ್ಕಳು ಹೆದರಿ ಓಡಿಯಾರು.

ಸುರಪುರ ತಾಲೂಕಿನ ತಿಂಥಣಿ ಹತ್ತಿರ ಕೃಷ್ಣೆಯ ದಂಡೆಯಲ್ಲಿ ಒಂದು ಗೂಂಚ್ ಅನ್ನು ಕೈಯಲ್ಲಿ ಮುಟ್ಟಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ದೊಡ್ಡದೇನಲ್ಲ, ತೋಳಿನಷ್ಟು ಉದ್ದ. ಬಲೆ ಹಾಕಿದ್ದ ಹಿರಿಯರು ಅದನ್ನು ಒದ್ದೆ ಗೋಣಿಚೀಲದ ಮೇಲೆ ಮಲಗಿಸಿದ್ದರು. ನಾನು ಬಗ್ಗಿದ ಕೂಡಲೇ, "ಸರ್, ಬಾಜೂಕ ಕೈ ಹಚ್ಚಬ್ಯಾಡ್ರಿ, ಮುಳ್ಳು ಅದ" ಅಂದರು. ಎದೆಯ ಪಕ್ಕದ ಎರಡು ರೆಕ್ಕೆಗಳ ಮುಂದೆ ಒಂದೊಂದು ಗಟ್ಟಿ ಮುಳ್ಳು, ಬೆನ್ನಿನ ರೆಕ್ಕೆಯ ಮುಂದೆ ಇನ್ನೊಂದು. ಮೀನು ಗಾಬರಿಯಾದರೆ ಮುಳ್ಳನ್ನು ಎತ್ತಿ ಬುಡದಲ್ಲೇ ಬಿಗಿ ಮಾಡಿಕೊಳ್ಳುತ್ತದೆ. ಆಮೇಲೆ ನೀವು ಒತ್ತಿದರೂ ಅದು ಮಡಚುವುದಿಲ್ಲ. ಬಹಳಷ್ಟು ಮೀಸೆ ಮೀನುಗಳಿಗೆ ಈ ವಿದ್ಯೆ ಬರುತ್ತದೆ. ಬಲೆಯಿಂದ ಬಿಡಿಸುವಾಗ ಕೈ ಕೊಯ್ದುಕೊಂಡವರಿಗೆ ಕೇಳಿ, ಚೆನ್ನಾಗಿ ವಿವರಿಸುತ್ತಾರೆ.

ಹುಷಾರಾಗಿ ಬೆನ್ನಿನ ಮೇಲೆ ಬೆರಳು ಆಡಿಸಿದೆ. ಮೀನು ಅಂದರೆ ಜಾರಬೇಕು ಅಲ್ವಾ? ಇದು ಜಾರುವುದಿಲ್ಲ. ಪಾಲಿಶ್ ಮಾಡದ ಶಹಾಬಾದ್ ಕಲ್ಲಿನ ಹಾಗೆ ಒರಟು. ಗೂಂಚ್‌ಗೆ ಹುರುಪೆ ಇಲ್ಲ. ಅದರ ಬದಲು ಚರ್ಮದ ಮೇಲ್ಪದರವೇ ಅಲ್ಲಲ್ಲಿ ಗಟ್ಟಿಯಾಗಿ ಸಣ್ಣ ಸಣ್ಣ ಗುಳ್ಳೆಗಳಾಗಿ ನಿಂತಿದೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ಜಾತಿಯ ವಸ್ತು, ಕೆರಾಟಿನ್. ಕಲ್ಲಿಗೆ ಮೈ ತಿಕ್ಕಿಕೊಂಡೇ ಬದುಕಬೇಕಾದ ಪ್ರಾಣಿಗೆ ನುಣುಪು ಚರ್ಮ ಎಷ್ಟು ದಿನ ಬಾಳಿಕೆ ಬಂದೀತು ಹೇಳಿ.

ಆಮೇಲೆ ಅವರು ಅದನ್ನು ಮಗುಚಿ ಹಾಕಿದರು. ಹೊಟ್ಟೆ ಚಪ್ಪಟೆ, ಬಿಳುಪು. ಬಾಯಿ ಮುಖದ ತುದಿಯಲ್ಲಿ ಇಲ್ಲ, ಕೆಳಗಡೆ ಇದೆ, ಅಗಲವಾಗಿ, ಒಳಗೆ ಚೂಪು ಹಲ್ಲು. ಮೇಲಿನಿಂದ ನೋಡಿದರೆ ತಲೆ ಒತ್ತಿ ಚಪ್ಪಟೆ ಮಾಡಿದಂತಿದೆ, ಬಾಲದ ಕಡೆಗೆ ಮೈ ಸಪೂರ. ಕಣ್ಣು ಮಾತ್ರ ಎಷ್ಟು ಸಣ್ಣದು ಅಂದರೆ ಹುಡುಕಬೇಕು, ಅದೂ ನೆತ್ತಿಯ ಮೇಲೆ. ಬಣ್ಣ ಹಳದಿ ಬೆರೆತ ಕಂದು, ಅದರ ಮೇಲೆ ಕಡುಗಪ್ಪು ಪಟ್ಟೆಗಳು. ಬಾಲ ಎರಡಾಗಿ ಸೀಳಿದೆ, ತುದಿಗಳು ಎಳೆಯಾಗಿ ಉದ್ದಕ್ಕೆ ಹೋಗುತ್ತವೆ. ಗೋಣಿಚೀಲದ ಮೇಲೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ಬಂಡೆಗಳ ನಡುವೆ ಇದ್ದಿದ್ದರೆ ನಾನು ಕಾಲಿಟ್ಟರೂ ಗೊತ್ತಾಗುತ್ತಿರಲಿಲ್ಲವೇನೋ.

ಈ ಒಂದೊಂದು ಅಂಗವೂ ಒಂದೇ ಕೆಲಸಕ್ಕೆ ಮಾಡಿದ್ದು: ಸೆಳವಿನಲ್ಲಿ ಕದಲದೆ ಕೂರುವುದು.

ಹೊಳೆಗೆ ಇಳಿದವರಿಗೆ ಇದು ಗೊತ್ತಿರುತ್ತದೆ. ಮೊಣಕಾಲು ಮಟ್ಟದ ಸೆಳವು ದೊಡ್ಡ ಆಳನ್ನೇ ಬೀಳಿಸುತ್ತದೆ, ಆದರೆ ಅವನ ಪಾದದ ಪಕ್ಕದ ಸಣ್ಣ ಹರಳು ಅಲ್ಲೇ ಕೂತಿರುತ್ತದೆ. ಹೇಗೆ? ನೀರು ಎಲ್ಲ ಕಡೆ ಒಂದೇ ವೇಗದಲ್ಲಿ ಓಡುವುದಿಲ್ಲ. ಮೇಲ್ಗಡೆ ಜೋರು, ಕೆಳಗೆ ಹೋದ ಹಾಗೆ ನೆಲದ ತಿಕ್ಕಾಟಕ್ಕೆ ನಿಧಾನ, ಕಲ್ಲಿಗೆ ತಾಗಿದ ಪದರದಲ್ಲಂತೂ ತೀರಾ ಕಡಿಮೆ. ಬಂಡೆಯ ಹಿಂದುಗಡೆ ಇನ್ನೂ ಶಾಂತ. ಮೈ ಚಪ್ಪಟೆ ಇದ್ದಷ್ಟೂ ಆ ನಿಧಾನದ ಪದರದೊಳಗೆ ಅಡಗಿಕೊಳ್ಳಬಹುದು. ಮೇಲೆ ಹೊಳೆ ಅಬ್ಬರಿಸುತ್ತಿರುತ್ತದೆ, ಗೂಂಚ್ ಕೆಳಗೆ ಅಗಲದ ಎದೆರೆಕ್ಕೆ ಹರಡಿಕೊಂಡು ಆರಾಮಾಗಿ ಬಿದ್ದಿರುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಹೆಚ್ಚಿನ ಮೀನುಗಳ ಹೊಟ್ಟೆಯಲ್ಲಿ ಗಾಳಿಚೀಲ ಇರುತ್ತದೆ. ಅದರಿಂದಲೇ ಅವು ನೀರಿನ ಮಧ್ಯದಲ್ಲಿ ಮುಳುಗದೆ ತೇಲದೆ ನಿಲ್ಲುವುದು. ಗೂಂಚ್ ಮತ್ತು ಅದರ ಕುಟುಂಬದವರಲ್ಲಿ ಈ ಚೀಲ ಕುಗ್ಗಿ ಸಣ್ಣದಾಗಿದೆ, ಎರಡು ತುಂಡಾಗಿ ಮೂಳೆಯ ಗೂಡಿನೊಳಗೆ ಸೇರಿಕೊಂಡಿದೆ. ತೇಲುವುದಕ್ಕೆ ಉಪಯೋಗವಿಲ್ಲ. ಹಾಗಾಗಿ ಈಜುವುದು ನಿಲ್ಲಿಸಿದರೆ ಅದು ಕೆಳಗೆ ಹೋಗಿ ಕೂರುತ್ತದೆ, ಅದಕ್ಕೆ ಬೇಕಾದದ್ದೂ ಅದೇ. ಹಾಗಾದರೆ ಇಟ್ಟುಕೊಂಡದ್ದಾದರೂ ಯಾಕೆ? ಕೇಳುವುದಕ್ಕೆ. ಕಾರ್ಪ್, ಮೀಸೆ ಮೀನು ಇವುಗಳಲ್ಲಿ ಗಾಳಿಚೀಲದಿಂದ ಕಿವಿಯವರೆಗೆ ಪುಟ್ಟ ಮೂಳೆಗಳ ಸರಪಳಿ ಇದೆ, ಜರ್ಮನಿಯ ವೇಬರ್ ಎಂಬ ವೈದ್ಯ 1820ರಲ್ಲಿ ವಿವರಿಸಿದ್ದು. ನೀರಿನಲ್ಲಿ ಸದ್ದಾದರೆ ಚೀಲ ನಡುಗುತ್ತದೆ, ಮೂಳೆಗಳು ಆ ನಡುಕವನ್ನು ಕಿವಿಗೆ ತಲುಪಿಸುತ್ತವೆ.

ಕಣ್ಣು ಸಣ್ಣದು ಅಂದೆ. ಮಳೆಗಾಲದಲ್ಲಿ ಭೀಮೆಯ ನೀರು ಎರೆಮಣ್ಣು ಕಲಸಿ ಹರಿಯುತ್ತದೆ, ಅದರಲ್ಲಿ ದೊಡ್ಡ ಕಣ್ಣಿದ್ದರೂ ಏನು ಕಂಡೀತು? ಗೂಂಚ್ ಕೆಲಸ ಮಾಡುವುದು ಮೀಸೆಯಿಂದ. ನಾಲ್ಕು ಜೊತೆ ಮೀಸೆ ಇವೆ. ಮೇಲ್ದವಡೆಯ ಜೊತೆ ಬುಡದಲ್ಲಿ ಅಗಲವಾಗಿ ದಪ್ಪಗಿದೆ. ಮೀಸೆಯ ಮೇಲೆಲ್ಲ ರುಚಿ ಗೊತ್ತಾಗುವ ಮೊಗ್ಗುಗಳು. ನಮಗೆ ಅವು ಬಾಯೊಳಗೆ ಮಾತ್ರ ಇವೆ, ಮೀಸೆ ಮೀನುಗಳಿಗೆ ಮೈ ಚರ್ಮದ ಮೇಲೂ ಇವೆ. ಅಂದರೆ ಅದು ಮುಟ್ಟಿದ್ದನ್ನೆಲ್ಲ ರುಚಿಯನ್ನೂ ನೋಡುತ್ತದೆ. ಕಲ್ಲಿನ ಸಂದಿಯಲ್ಲಿ ಸಣ್ಣ ಮೀನು, ಸಿಗಡಿ, ಕಪ್ಪೆ, ನೀರಹುಳು ಯಾವುದು ಸಿಕ್ಕರೂ ಸರಿ. ಬೆನ್ನಟ್ಟಿ ಹಿಡಿಯುವ ಗೋಜು ಇಲ್ಲ, ಹತ್ತಿರ ಬಂದಾಗ ಬಾಯಿ ತೆರೆಯುತ್ತದೆ, ಅಷ್ಟೇ.

ಗೂಂಚ್‌ನ ಸಣ್ಣ ನೆಂಟರೂ ನಮ್ಮ ನೀರಿನಲ್ಲಿದ್ದಾರೆ. ಗ್ಲಿಪ್ಟೊಥೊರಾಕ್ಸ್ ಅಂತ, ಬೆರಳುದ್ದದ ಮೀನುಗಳು. ಅವುಗಳ ಎದೆಯ ಕೆಳಗೆ ಚರ್ಮ ಉದ್ದುದ್ದ ಮಡಿಕೆಯಾಗಿ ಒಂದು ಹಿಡಿತದ ತಟ್ಟೆ ಆಗಿದೆ, ಅದರಿಂದ ಕಲ್ಲಿಗೆ ಕಚ್ಚಿಕೊಂಡು ನಿಲ್ಲುತ್ತವೆ. ಗೂಂಚ್‌ಗೆ ಆ ತಟ್ಟೆ ಇಲ್ಲ, ತನ್ನ ಭಾರ ಮತ್ತು ಆಕಾರವನ್ನೇ ನಂಬಿಕೊಂಡಿದೆ. ಹರಿಯುವ ನೀರಿನ ಮೀನುಗಳ ಈ ಬಗೆಬಗೆಯ ಹಿಡಿತವನ್ನು ಕೂತು ಅಧ್ಯಯನ ಮಾಡಿದವರು ಸುಂದರ್ ಲಾಲ್ ಹೋರಾ. 1896ರಲ್ಲಿ ಪಂಜಾಬಿನಲ್ಲಿ ಹುಟ್ಟಿದವರು, ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದರು, 1955ರಲ್ಲಿ ತೀರಿಕೊಂಡರು. ಹಿಮಾಲಯದ ಸೆಳವಿನ ಮೀನುಗಳಂಥವೇ ಪಶ್ಚಿಮಘಟ್ಟದಲ್ಲೂ ಯಾಕೆ ಇವೆ ಅನ್ನುವುದು ಅವರ ತಲೆ ತಿಂದ ಪ್ರಶ್ನೆ. ಒಂದು ಕಾಲದಲ್ಲಿ ಸಾತ್ಪುರ ಬೆಟ್ಟಸಾಲಿನ ಮೂಲಕ ಅವು ದಾಟಿ ಬಂದಿರಬೇಕು ಅಂತ ಹೇಳಿದರು. ಅದು ಸರಿಯೋ ತಪ್ಪೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನನಗೆ ಮೆಚ್ಚುಗೆಯಾಗುವುದು ಬೇರೆ: ಬೆರಳುದ್ದದ ಮೀನಿನ ಎದೆಯ ಮಡಿಕೆ ನೋಡಿ ಇಡೀ ದೇಶದ ಬೆಟ್ಟಗುಡ್ಡಗಳ ಇತಿಹಾಸ ಕೇಳುವ ಧೈರ್ಯ.

ಈಗ ನಮ್ಮ ಭೀಮೆಗೂ ಈ ಮೀನಿನ ಹೆಸರಿಗೂ ಇರುವ ನಂಟು.

ಈಸ್ಟ್ ಇಂಡಿಯಾ ಕಂಪನಿಯಲ್ಲಿ ವಿಲಿಯಂ ಹೆನ್ರಿ ಸೈಕ್ಸ್ ಅಂತ ಒಬ್ಬ ಸೇನಾಧಿಕಾರಿ ಇದ್ದರು. ಪೇಶ್ವೆಗಳ ರಾಜ್ಯ ಬ್ರಿಟಿಷರ ಕೈಗೆ ಬಂದ ಮೇಲೆ, 1820ರ ದಶಕದಲ್ಲಿ, ದಖ್ಖನ್ನಿನ ಜನ, ಬೆಳೆ, ಹವೆ ಎಲ್ಲದರ ಲೆಕ್ಕ ಬರೆಯುವ ಕೆಲಸ ಅವರಿಗೆ ಬಿತ್ತು. ಲೆಕ್ಕದ ಜೊತೆ ಹಕ್ಕಿ, ಪ್ರಾಣಿ, ಮೀನುಗಳನ್ನೂ ಬರೆದರು. ದಖ್ಖನ್ ಬಯಲಿನಲ್ಲಿ ಓಡಾಡುವ ಸೈಕ್ಸ್ ಲಾರ್ಕ್ ಎಂಬ ಹಕ್ಕಿ ಇದೆಯಲ್ಲ, ಅದು ಇವರ ಹೆಸರಿನದೇ. ಪುಣೆಯ ಮುಳಾ-ಮುಠಾ ನದಿಯಲ್ಲಿ ಸಿಕ್ಕ ಒಂದು ದೊಡ್ಡ ಮೀಸೆ ಮೀನಿಗೆ ಅವರು ಯಾರೆಲ್ಲಿ ಅಂತ ಹೆಸರಿಟ್ಟರು. 1839ರಲ್ಲಿ ಅದು ಅಚ್ಚಾಯಿತು. ವಿಲಿಯಂ ಯಾರೆಲ್ ಲಂಡನ್ನಿನಲ್ಲಿ ಪತ್ರಿಕೆ ಮಾರಾಟದ ಏಜೆಂಟ್ ಆಗಿದ್ದುಕೊಂಡೇ ಮೀನು, ಹಕ್ಕಿಗಳ ಬಗ್ಗೆ ಬರೆದು ಹೆಸರು ಮಾಡಿದ ಮನುಷ್ಯ. ಅಂಗಡಿ ನೋಡಿಕೊಂಡು ವಿಜ್ಞಾನಕ್ಕೂ ಹೆಸರಾದವರು, ಮೆಚ್ಚಲೇಬೇಕು.

ಮುಳಾ-ಮುಠಾ ಎಲ್ಲಿಗೆ ಹೋಗುತ್ತದೆ? ಭೀಮೆಗೆ. ಭೀಮಾಶಂಕರದಲ್ಲಿ ಹುಟ್ಟಿ, ಉಜನಿ ಅಣೆಕಟ್ಟು ದಾಟಿ, ಪಂಢರಪುರ ನೋಡಿ, ಅಫಜಲಪುರ ತಾಲೂಕಿಗೆ ಬಂದು, ಗಾಣಗಾಪುರದಲ್ಲಿ ಅಮರ್ಜಾ ನದಿಯನ್ನು ಸೇರಿಸಿಕೊಂಡು, ಸನ್ನತಿ, ಯಾದಗಿರಿ ಮಾರ್ಗವಾಗಿ ರಾಯಚೂರಿನ ಮಗ್ಗುಲಲ್ಲಿ ಕೃಷ್ಣೆಗೆ ಕೂಡುವ 861 ಕಿಲೋಮೀಟರಿನ ಅದೇ ಭೀಮೆ. ಅಂದರೆ ಜಗತ್ತಿನ ಯಾವುದೇ ಮ್ಯೂಸಿಯಂನಲ್ಲಿ ಬಗೇರಿಯಸ್ ಯಾರೆಲ್ಲಿ ಅಂತ ಚೀಟಿ ಬರೆದರೂ ಆ ಹೆಸರಿನ ಮೂಲ ನಮ್ಮ ಹೊಳೆಯ ಮೇಲ್ಗಡೆಯ ನೀರು. ಈ ಮಾತು ನಮ್ಮ ಶಾಲೆಯ ಪಠ್ಯದಲ್ಲಿ ಒಂದು ಸಾಲು ಇದ್ದಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನ್ನಿಸುತ್ತದೆ.

ಆಮೇಲೆ ಒಂದು ಗೊಂದಲ ಆಯಿತು. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಗಂಗೆಯ ಮೀನುಗಳನ್ನು ಬರೆಯುವಾಗ ಇದೇ ಗುಂಪಿನ ಒಂದಕ್ಕೆ ಬಗೇರಿಯಸ್ ಅಂತ ಹೆಸರು ಕೊಟ್ಟಿದ್ದರು. ಮುಂದಿನವರು ದೊಡ್ಡದು ಸಣ್ಣದು ಎಲ್ಲವನ್ನೂ ಅದೇ ಒಂದು ಹೆಸರಿನಲ್ಲಿ ಕಟ್ಟಿಹಾಕಿದರು. ನೂರು ವರ್ಷಕ್ಕೂ ಜಾಸ್ತಿ ಹಾಗೇ ನಡೆಯಿತು. 1983ರಲ್ಲಿ ಟೈಸನ್ ರಾಬರ್ಟ್ಸ್ ಎಂಬ ಅಮೆರಿಕದ ವಿಜ್ಞಾನಿ ಮ್ಯೂಸಿಯಂ ಮಾದರಿಗಳನ್ನೆಲ್ಲ ತೆಗೆದು, ಬೆನ್ನುಮೂಳೆ ಎಣಿಸಿ, ರೆಕ್ಕೆಯ ಜಾಗ ಅಳೆದು, ಗೇಣುದ್ದಕ್ಕೆ ಬೆಳವಣಿಗೆ ನಿಲ್ಲುವ ಕುಳ್ಳ ಜಾತಿ ಬೇರೆ, ದೈತ್ಯ ಜಾತಿ ಬೇರೆ, ದೈತ್ಯಕ್ಕೆ ಸೈಕ್ಸ್ ಕೊಟ್ಟ ಹೆಸರೇ ಸರಿ ಅಂದರು. ಹಳೆಯ ಪಟ್ಟಿಗಳಲ್ಲಿ ಕೃಷ್ಣೆಯ ಗೂಂಚ್ ಬೇರೆ ಹೆಸರಿನಲ್ಲಿ ಕಂಡರೆ ಕಾರಣ ಇದು.

ದೈತ್ಯ ಅಂದೆ. ಎಷ್ಟು ದೊಡ್ಡದು? ಎರಡು ಮೀಟರ್ ತನಕ ಬೆಳೆಯುತ್ತದೆ ಅಂತ ಪುಸ್ತಕಗಳು ಹೇಳುತ್ತವೆ. ಟಿವಿಯಲ್ಲಿ ನೀವು ನೋಡಿರಬಹುದು, ಉತ್ತರಾಖಂಡ ಮತ್ತು ನೇಪಾಳದ ಗಡಿಯ ಕಾಳಿ ನದಿಯಲ್ಲಿ ಜೆರೆಮಿ ವೇಡ್ ಅನ್ನುವ ಬ್ರಿಟಿಷ್ ಗಾಳಗಾರ ಹಿಡಿದ ಗೂಂಚ್ ಮನುಷ್ಯನಷ್ಟು ಉದ್ದ, 70 ಕಿಲೋ ದಾಟಿತ್ತು. ಅಲ್ಲಿ ಈಜಲು ಇಳಿದವರು ಮುಳುಗಿ ಸತ್ತದ್ದಕ್ಕೆ ಗೂಂಚೇ ಕಾರಣ, ಚಿತೆಯಿಂದ ನೀರಿಗೆ ಬಿದ್ದ ಅರೆಸುಟ್ಟ ಹೆಣ ತಿಂದು ಅದಕ್ಕೆ ಮನುಷ್ಯ ಮಾಂಸದ ರುಚಿ ಹತ್ತಿತು ಅಂತ ಕಥೆ ಹಬ್ಬಿತು. ಕಥೆ ಕೇಳಲು ಮಜಾ ಇದೆ. ಸಾಬೀತಾಗಿಲ್ಲ. ಸುಳಿ ಇರುವ ಮಡುವಿನಲ್ಲಿ ಮುಳುಗಿ ಸಾಯುವುದಕ್ಕೆ ಮೀನಿನ ಸಹಾಯ ಬೇಕಿಲ್ಲ. ಪ್ರತಿ ಬೇಸಿಗೆಯಲ್ಲಿ ನಮ್ಮ ಹೊಳೆ, ಕೆನಾಲುಗಳಲ್ಲಿ ಈಜಲು ಹೋಗಿ ಹುಡುಗರು ಹೋಗುತ್ತಾರೆ, ಅಲ್ಲಿ ಯಾವ ಗೂಂಚ್ ಇತ್ತು?

ಇನ್ನು ಹೊಳೆಯ ತಳದ ವಿಷಯ. ಇವತ್ತು ನಾನು ಬಂದದ್ದೇ ಇದಕ್ಕೆ.

ಭೀಮೆಯ ತಳ ಎಲ್ಲ ಕಡೆ ಒಂದೇ ಅಲ್ಲ. ಅಫಜಲಪುರ ಕಡೆ ಕರಿಕಲ್ಲು, ಅಂದರೆ ಹಳೆಯ ಜ್ವಾಲಾಮುಖಿ ಉಕ್ಕಿ ಆರಿದ ಬಸಾಲ್ಟ್. ಕೆಳಗೆ ಬಂದ ಹಾಗೆ ಸುಣ್ಣದ ಕಲ್ಲು ಶುರುವಾಗುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಆ ಪದರದ್ದೇ. ಭೂವಿಜ್ಞಾನಿಗಳು ಈ ಪದರಗಳಿಗೆ ಭೀಮಾ ಅಂತಲೇ ಹೆಸರಿಟ್ಟಿದ್ದಾರೆ. ಕಾಗಿಣಾ ನದಿ ನೋಡಿ, ಮಳಖೇಡದ ಕೋಟೆ ಕೆಳಗೆ ಹರಿಯುತ್ತದಲ್ಲ, ಅದು ಸುಣ್ಣದ ಕಲ್ಲಿನ ಸೀಮೆಯ ಹೊಳೆ. ಮುಂದೆ ಯಾದಗಿರಿ ಹತ್ತಿರ ಗ್ರಾನೈಟ್ ಬಂಡೆಗಳು. ಕೃಷ್ಣೆಯಲ್ಲಿ ನಾರಾಯಣಪುರ ಅಣೆಕಟ್ಟಿನ ಕೆಳಗೆ ಜಲದುರ್ಗ, ತಿಂಥಣಿ ಕಡೆಗಂತೂ ಬಂಡೆಗಳ ರಾಶಿ, ನಡುವೆ ನೀರು ಸೀಳಿಕೊಂಡು ಇಳಿಯುತ್ತದೆ. ಗೂಂಚ್‌ಗೆ ಹೇಳಿ ಮಾಡಿಸಿದ ಜಾಗ ಅದು.

ಬೇಸಿಗೆಯಲ್ಲಿ ಹೊಳೆ ತೆಳುವಾದಾಗ ದೊಡ್ಡ ಮೀನುಗಳು ಆಳದ ಮಡುಗಳಿಗೆ ಸೇರಿಕೊಳ್ಳುತ್ತವೆ. ಮಡು ಅಂದರೆ ಹೊಳೆಯ ತಿಜೋರಿ ಅಂತ ಇಟ್ಟುಕೊಳ್ಳಿ ಅನ್ನುವವರಿದ್ದಾರೆ, ನಾನು ಅಷ್ಟು ಚೆಂದ ಮಾಡಿ ಹೇಳುವುದಿಲ್ಲ. ಅದು ನೀರು ಉಳಿಯುವ ಗುಂಡಿ. ಆದರೆ ಆ ಗುಂಡಿ ಮುಚ್ಚಿದರೆ ಮುಂದಿನ ಮಳೆಗಾಲಕ್ಕೆ ಮರಿ ಹಾಕಲು ತಾಯಿ ಮೀನೇ ಇರುವುದಿಲ್ಲ. ಗೂಂಚ್ ಮೊಟ್ಟೆ ಇಡುವುದು ಹೊಳೆಗೆ ದೊಡ್ಡ ಪ್ರವಾಹ ಬರುವ ಮುಂಚೆ. ನಮ್ಮ ರೈತರು ಮಿರಗದ ಮಳೆ ಕಾಯುತ್ತಾ ಹೊಲ ಹದ ಮಾಡುವ ಕಾಲಕ್ಕೆ ಅದೂ ತಯಾರಾಗುತ್ತದೆ. ಹೊಸ ನೀರು ಬಂದರೆ ಸಣ್ಣ ಮೀನು, ಹುಳ ಎಲ್ಲ ಜಾಸ್ತಿಯಾಗುತ್ತವೆ, ಮರಿಗಳಿಗೆ ಊಟಕ್ಕೆ ಕೊರತೆ ಇರುವುದಿಲ್ಲ.

ಈಗ ಆ ಲೆಕ್ಕ ತಪ್ಪಿದೆ. ಭೀಮೆಗೆ ಸೊನ್ನ, ಘತ್ತರಗಿ, ಸನ್ನತಿ, ಗುರುಸಣಗಿ ಅಂತ ಒಂದಾದ ಮೇಲೆ ಒಂದು ಬ್ಯಾರೇಜ್ ಇವೆ. ನಾನು ಬ್ಯಾರೇಜ್ ವಿರೋಧಿ ಅಲ್ಲ, ತಪ್ಪು ತಿಳಿಯಬೇಡಿ. ಬೇಸಿಗೆಯಲ್ಲಿ ಅಫಜಲಪುರದ ಕಡೆಯವರು ಮೇಲಿಂದ ನೀರು ಬಿಡಿಸಿ ಅಂತ ಧರಣಿ ಕೂರುವುದು ನಮಗೆಲ್ಲ ಗೊತ್ತಿದೆ, ಕುಡಿಯಲು ನೀರು ಬೇಕೇ ಬೇಕು. ಆದರೆ ಗೇಟು ಹಾಕಿ ನಿಲ್ಲಿಸಿದ ನೀರು ಹೊಳೆ ಅಲ್ಲ ಅನ್ನುವುದನ್ನು ಮೀನಿನ ಕಡೆಯಿಂದ ಒಮ್ಮೆ ನೋಡಿ. ನೀರು ನಿಂತ ಕೂಡಲೇ ಅದು ಹೊತ್ತು ತಂದ ಎರೆಮಣ್ಣು ಕೆಳಗೆ ಕೂರುತ್ತದೆ. ನಮ್ಮ ಎರೆ ಎಷ್ಟು ನುಣುಪು ಅಂತ ಮಳೆಯಲ್ಲಿ ಹೊಲಕ್ಕೆ ಚಪ್ಪಲಿ ಹಾಕಿಕೊಂಡು ಹೋದವರಿಗೆ ಹೇಳಬೇಕಿಲ್ಲ. ಅದು ಕಲ್ಲು ಕಲ್ಲಿನ ಸಂದಿಗೆ ಇಳಿದು ಮುಚ್ಚಿಬಿಡುತ್ತದೆ. ಸಂದಿಯಲ್ಲಿದ್ದ ನೀರಹುಳ ಸಾಯುತ್ತದೆ, ಅದನ್ನು ತಿನ್ನುತ್ತಿದ್ದ ಬೆರಳುದ್ದದ ಮೀನು ಹೋಗುತ್ತದೆ, ಅದನ್ನು ತಿನ್ನುತ್ತಿದ್ದ ಗೂಂಚ್ ಹಸಿಯುತ್ತದೆ. ಅಡಗಲು ಜಾಗವೂ ಇಲ್ಲ, ಬಂಡೆ ಇದ್ದಲ್ಲೇ ಇದೆ, ಆದರೆ ಅದರ ಅಡಿ ರಾಡಿಯಿಂದ ತುಂಬಿದೆ.

ಉಸಿರಿನ ಮಾತೂ ಇದೆ. ಓಡುವ ನೀರು ಕಲ್ಲಿಗೆ ಬಡಿದು ಗಾಳಿ ಸೇರಿಸಿಕೊಂಡು ತಳದವರೆಗೆ ಕಲಸುತ್ತದೆ. ನಿಂತ ನೀರಿನಲ್ಲಿ ಮೇಲಿನ ಬಿಸಿ ಪದರ ಮೇಲೇ ಉಳಿಯುತ್ತದೆ, ಕೆಳಗೆ ಕೊಳೆಯುವ ಕಸ ಇದ್ದಬದ್ದ ಆಮ್ಲಜನಕ ಎಳೆದುಕೊಳ್ಳುತ್ತದೆ. ರೋಹು, ಕಾಟ್ಲಾ ಮೇಲ್ಗಡೆ ಹೇಗೋ ಸುಧಾರಿಸುತ್ತವೆ. ತಳದ ಮೀನು ಎಲ್ಲಿಗೆ ಹೋಗಬೇಕು? ಗೇಟಿನ ಕೆಳಗಡೆ ನೋಡಿದರೆ ಅಲ್ಲಿ ನೀರೇ ಇಲ್ಲ. ಮೇಲೆ ಕೆಳಗೆ ಓಡಾಡಲು ದಾರಿಯೂ ಇಲ್ಲ. ಒಂದೊಂದು ಬ್ಯಾರೇಜ್ ನಡುವಿನ ತುಂಡಿನಲ್ಲಿ ಉಳಿದವು ಉಳಿದಷ್ಟೇ.

ಉಸುಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವೇ ರಾತ್ರಿ ಲಾರಿಗಳನ್ನು ನೋಡುತ್ತೀರಿ. ಒಂದು ಮಾತು ಮಾತ್ರ. ಉಸುಕು ತೆಗೆದರೆ ಗುಂಡಿ ಬೀಳುತ್ತದೆ, ಮೀನಿಗೆ ಮಡು ಸಿಕ್ಕಿತಲ್ಲ ಅಂತ ಒಬ್ಬರು ನನಗೆ ವಾದ ಹೂಡಿದ್ದರು. ಹೊಳೆಯೇ ಕೊರೆದ ಮಡುವಿನಲ್ಲಿ ಸುಳಿ ಪ್ರತಿ ಮಳೆಗಾಲದಲ್ಲಿ ರಾಡಿ ತೊಳೆದು ಹಾಕುತ್ತದೆ. ಜೆಸಿಬಿ ತೋಡಿದ ಗುಂಡಿ ರಾಡಿ ಹಿಡಿಯುವ ಬಲೆ. ಮತ್ತೆ ಮಡುವಿಗೆ ತೋಟೆ ಹಾಕಿ ಮೀನು ಹಿಡಿಯುವವರು ಇನ್ನೂ ಇದ್ದಾರೆ. ತೋಟೆ, ವಿಷ ಎರಡನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧ ಅಂತ ಬರೆದಿದೆ. ಬಲೆ ಹಾಕಿ ಬದುಕುವವರಿಗೆ ಇದರಿಂದ ಆಗುವ ನಷ್ಟ ನಮ್ಮಂಥವರಿಗಿಂತ ಜಾಸ್ತಿ, ತೋಟೆ ದೊಡ್ಡದು ಮರಿ ಅಂತ ನೋಡುವುದಿಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯವರು 2010ರಲ್ಲೇ ಗೂಂಚ್ ಅನ್ನು ಅಪಾಯದ ಹತ್ತಿರ ಬಂದ ಜಾತಿ ಅಂತ ಗುರುತಿಸಿದ್ದರು.

ಪ್ರಶ್ನೆಗಳು ಬಹಳ ಬಂದವು, ಕೆಲವನ್ನು ಮಾತ್ರ ಬರೆಯುತ್ತೇನೆ.

ಅಫಜಲಪುರ ಕಡೆಯ ಹಿರಿಯ ರೈತರೊಬ್ಬರು ಎದ್ದು, "2020ರ ಅಕ್ಟೋಬರ್‌ನಾಗ ಅಷ್ಟು ದೊಡ್ಡ ಹೊಳಿ ಬಂತಲ್ರಿ, ಮೀನೆಲ್ಲ ಕೊಚ್ಚಿಕೊಂಡು ಹೋಗಿರಬೇಕಲ್ಲ?" ಅಂದರು. ಆ ವರ್ಷ ಊರುಗಳಿಗೆ ಆದ ಹಾನಿ ದೊಡ್ಡದು, ಎಷ್ಟೋ ಮನೆ, ಬೆಳೆ ಹೋದವು. ಆದರೆ ಪ್ರವಾಹ ತಳದ ಮೀನಿಗೆ ಹೊಸದಲ್ಲ. ಅದರ ಮೈ ಆಗಿರುವುದೇ ಅದಕ್ಕೆ. ದೊಡ್ಡ ಹೊಳೆ ಬಂದಾಗ ಬಂಡೆಯ ಮರೆಗೆ ಸರಿಯುತ್ತದೆ, ವರ್ಷಗಟ್ಟಲೆ ಕೂತ ರಾಡಿ ಆಗಲೇ ತೊಳೆದು ಹೋಗುವುದು. ಅದಕ್ಕೆ ಕಷ್ಟ ಆಗುವುದು ಫೆಬ್ರವರಿಯಿಂದ ಮೇ ತನಕ. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, "ನಮಗೂ ಅದೇ ಕಾಲರೀ" ಅಂದರು. ಸಭೆ ನಕ್ಕಿತು.

ಒಬ್ಬ ಹುಡುಗಿ ಕೇಳಿದ್ದು: ಕೆರೆಯಲ್ಲಿ ಮರಿ ಬಿಟ್ಟು ಸಾಕಬಹುದಾ, ಸರ್? ಕಷ್ಟ. ಇದಕ್ಕೆ ಓಡುವ ನೀರು ಬೇಕು, ಆಮ್ಲಜನಕ ಜಾಸ್ತಿ ಬೇಕು, ತಿನ್ನುವುದು ಬೇರೆ ಮೀನನ್ನು. ರೋಹು ಸಾಕುವ ಕೆರೆಗೆ ಇದನ್ನು ಬಿಟ್ಟರೆ ಗುತ್ತಿಗೆದಾರ ನಿಮ್ಮ ಮನೆಗೆ ಬರುತ್ತಾನೆ. ಕೆಲವರು ಮನೆಯ ಗಾಜಿನ ತೊಟ್ಟಿಗೆ ಮರಿ ತಂದಿಡುತ್ತಾರೆ. ಎರಡು ಮೀಟರ್ ಬೆಳೆಯುವ ಮೀನಿಗೆ ತೊಟ್ಟಿ ಎಷ್ಟು ದೊಡ್ಡದು ಬೇಕು, ನೀವೇ ಲೆಕ್ಕ ಹಾಕಿ.

ತಿನ್ನಬಹುದಾ ಅನ್ನುವ ಪ್ರಶ್ನೆ ಬರದೆ ಇರುತ್ತದೆಯೇ? ಬಂತು, ಅದೂ ಹಿಂದಿನ ಸಾಲಿನಿಂದ ಪಿಸುಮಾತಿನಲ್ಲಿ. ತಿನ್ನುತ್ತಾರೆ. ಆದರೆ ಇದರ ಮಾಂಸ ಬೇಗ ಕೆಡುತ್ತದೆ, ಕೆಟ್ಟದ್ದನ್ನು ತಿಂದು ಕಾಯಿಲೆ ಬಿದ್ದವರಿದ್ದಾರೆ. ನಮ್ಮ ಮೇ ತಿಂಗಳ ಬಿಸಿಲಿಗೆ ಐಸ್ ಇಲ್ಲದೆ ಬುಟ್ಟಿಯಲ್ಲಿ ಬಂದ ಗೂಂಚ್ ಕೊಳ್ಳಬೇಡಿ, ಮೀನಿನ ಮೇಲಿನ ಪ್ರೀತಿಗೆ ಅಲ್ಲ, ನಿಮ್ಮ ಹೊಟ್ಟೆಯ ಸಲುವಾಗಿ ಹೇಳುತ್ತಿದ್ದೇನೆ.

ಕೊನೆಗೆ ಒಬ್ಬ ಹುಡುಗ ಮೊಬೈಲ್ ಹಿಡಿದುಕೊಂಡು ಮುಂದೆ ಬಂದ. "ಸರ್, ಇದು ಗೂಂಚೇ ಏನು ನೋಡ್ರಿ, ನಮ್ಮ ಮಾವ ಕಾಗಿಣಾದಾಗ ಹಿಡಿದಾರ." ಫೋಟೋದಲ್ಲಿ ಕಪ್ಪನೆಯ ದೊಡ್ಡ ಮೀಸೆ ಮೀನು, ಚಪ್ಪಟೆ ತಲೆ. ಮೊದಲ ನೋಟಕ್ಕೆ ಯಾರಿಗಾದರೂ ಹಾಗೇ ಅನಿಸುತ್ತದೆ. ನಾನು ಫೋಟೋ ದೊಡ್ಡದು ಮಾಡಿ ಬೆನ್ನು ನೋಡು ತಮ್ಮ ಅಂದೆ. ಬೆನ್ನಿನ ರೆಕ್ಕೆ ಕತ್ತಿನ ಹಿಂದೆ ಶುರುವಾಗಿ ಬಾಲದ ಹತ್ತಿರದವರೆಗೆ ಒಂದೇ ಸಮ ಹೋಗಿತ್ತು, ಬಾಲ ದುಂಡಗಿತ್ತು. ಗೂಂಚ್‌ಗೆ ಬೆನ್ನಿನ ಮೇಲೆ ಮುಂದೊಂದು ಗಿಡ್ಡ ಮುಳ್ಳಿನ ರೆಕ್ಕೆ, ಹಿಂದೊಂದು ಮೆತ್ತನೆಯ ಸಣ್ಣ ರೆಕ್ಕೆ, ನಡುವೆ ಖಾಲಿ, ಬಾಲ ಸೀಳು. ಅವನ ಮಾವ ಹಿಡಿದದ್ದು ಆಫ್ರಿಕನ್ ಕ್ಯಾಟ್‌ಫಿಶ್. ಸಾಕಬಾರದು ಅಂತ ಸರ್ಕಾರ ನಿಷೇಧ ಹಾಕಿದ್ದರೂ ಹೊಂಡಗಳಿಂದ ತಪ್ಪಿಸಿಕೊಂಡು ದೇಶದ ಎಷ್ಟೋ ಹೊಳೆಗಳನ್ನು ಸೇರಿರುವ ಮೀನು ಅದು. ಗಾಳಿಯನ್ನೇ ನೇರ ಉಸಿರಾಡಬಲ್ಲದು, ಹಾಗಾಗಿ ರಾಡಿ, ನಿಂತ ನೀರು ಯಾವುದೂ ಅದಕ್ಕೆ ಅಡ್ಡಿಯಿಲ್ಲ. ಮುಂದಿನ ಸಲ ಸಿಕ್ಕಿದ್ದರ ಫೋಟೋ ಮೇಲಿಂದ ಒಂದು, ಪಕ್ಕದಿಂದ ಒಂದು, ಹೊಟ್ಟೆ ಕಡೆಯಿಂದ ಒಂದು ತೆಗಿ, ಪಕ್ಕದಲ್ಲಿ ಸ್ಕೇಲ್ ಇಡು, ಯಾವ ಊರಿನ ಹೊಳೆ ಅಂತ ಬರೆದುಕೋ ಅಂದೆ. ಅವನು ಅಲ್ಲೇ ನಿಂತು ಮಾವನಿಗೆ ಫೋನ್ ಹಚ್ಚಿದ.